ಗುಮಿಲ್ ಅಂದ್ರೆ ಇವತ್ತಾ, ಶುಕ್ರವಾರನಾ?

ಕೆಲವು ವರ್ಷದ ಹಿಂದೆ ಕೊರಿಯಾದಲ್ಲಿ ಒಂದು ಚಾಟ್ ಸ್ಕ್ರೀನ್‌ಶಾಟ್ ಸಿಕ್ಕಾಪಟ್ಟೆ ಓಡಾಡ್ತು. ಕಾಲೇಜ್ ಅಸೈನ್‌ಮೆಂಟ್ ವಿಷಯ. ಗುಮಿಲ್ ಮಧ್ಯರಾತ್ರಿ ಒಳಗೆ ಕಳಿಸಿ ಅಂತ ನೋಟಿಸ್ ಬಂದಿದೆ, ಸ್ಟೂಡೆಂಟು ಕಳಿಸಿಲ್ಲ, ಯಾಕೆ ಅಂತ ಕೇಳಿದ್ರೆ ಶುಕ್ರವಾರದವರೆಗೆ ಟೈಮ್ ಇದೆ ಅನ್ಕೊಂಡಿದ್ದೆ ಅನ್ನೋ ಉತ್ತರ. ಗುಮಿಲ್ ಅಂದ್ರೆ ಇವತ್ತು ಕಣಪ್ಪಾ ಅಂದ್ರೆ, ಮಾರ್ಕ್ಸ್ ಕೊಡೋ ಜಾಗದಲ್ಲಿರೋರು ಇಂಥ ಕನ್‌ಫ್ಯೂಸ್ ಆಗೋ ಪದ ಯಾಕೆ ಬಳಸ್ತೀರಿ ಅಂತ ಉಲ್ಟಾ ದಬಾಯಿಸೋದು ಬೇರೆ. ಅಲ್ಲಿಂದ ಶುರುವಾದ ಜಗಳ ಇನ್ನೂ ನಿಂತಿಲ್ಲ. ಪೇಪರ್, ಟಿವಿ, ಯೂಟ್ಯೂಬ್ ಎಲ್ಲಾ ಕಡೆ ಒಂದೇ ರಾಗ, ಈಗಿನ ಮಕ್ಕಳಿಗೆ ಓದಿದ್ದು ಅರ್ಥ ಆಗಲ್ಲ, ಕೊರಿಯನ್‌ನ ಎಷ್ಟೋ ಪದ ಚೀನೀ ಮೂಲದ್ದು, ಆ ಚೀನೀ ಅಕ್ಷರ ಕಲಿಸೋದು ಬಿಟ್ಟಿದ್ದಕ್ಕೇ ಹಿಂಗಾಗಿದ್ದು ಅಂತ.

ನಂಗೆ ಆ ಸ್ಟೂಡೆಂಟ್ ಮೇಲೆ ನಗು ಬರಲಿಲ್ಲ. ಯಾಕಂದ್ರೆ ಆ ತಪ್ಪು ದಡ್ಡತನದ ತಪ್ಪಲ್ಲ, ಅದರ ಹಿಂದೆ ಒಂದು ಲೆಕ್ಕ ಇದೆ, ಆ ಲೆಕ್ಕ ಹಿಡ್ಕೊಂಡು ಹಿಂದೆ ಹೋದ್ರೆ ಎರಡು ಚೀನೀ ಅಕ್ಷರ ಸಿಗ್ತವೆ, ಎರಡೂ ಅಣ್ಣ ತಮ್ಮ ಇದ್ದಂಗೆ, ಒಂದರಿಂದ ಇನ್ನೊಂದಕ್ಕೆ ಸದ್ದು ಬಂದಿರೋದು ಅಂತ ಸುಮಾರು 1900 ವರ್ಷದ ಹಿಂದೆಯೇ ಒಬ್ಬ ಚೀನೀ ಪಂಡಿತ ಬರೆದಿಟ್ಟಿದ್ದಾನೆ. ದಾರೀಲಿ ನಮ್ಮ ಶುಕ್ರ ಗ್ರಹನೂ ಬರ್ತಾನೆ, ಅವನ ಬಗ್ಗೆ ಆಮೇಲೆ.

ಮೊದಲು ಉಚ್ಚಾರಣೆ. ನಾನು ಗುಮ್ ಅಂತ ಬರೀತಿದೀನಿ, ಆದ್ರೆ ಅಲ್ಲಿರೋ ಸ್ವರ ನಮ್ಮ ಉ ಅಲ್ಲ. ತುಟಿ ದುಂಡಗೆ ಮಾಡದೆ ಉ ಅನ್ನೋಕೆ ಟ್ರೈ ಮಾಡಿ, ಅದು. ತುಳು ಮಾತಾಡೋರಿಗೆ ಇದು ಸುಲಭ, ಅವರ ಎಷ್ಟೋ ಪದದ ಕೊನೇಲಿ ಹೆಚ್ಚುಕಮ್ಮಿ ಇದೇ ಅರೆ ಉ ಇರುತ್ತೆ. ಮೊದಲಿನ ವ್ಯಂಜನ ಗ ಮತ್ತು ಕ ನಡುವೆ ಎಲ್ಲೋ ನಿಂತಿರುತ್ತೆ. ಇದು ನೆನಪಿಟ್ಕೊಳ್ಳಿ, ಕಿಮ್ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಇಲ್‌ ಅಂದ್ರೆ ದಿನ. ಅದರಲ್ಲಿ ಯಾರಿಗೂ ಡೌಟ್ ಇಲ್ಲ. ಗಲಾಟೆ ಎಲ್ಲಾ ಗುಮ್ ಮೇಲೆ. ನೋಟಿಸ್ ಬರೆದವರ ತಲೇಲಿದ್ದ ಗುಮ್ ಅಂದ್ರೆ ಈಗ, ಈ ಹೊತ್ತು. ಈಗಿನ ದಿನ, ಅಂದ್ರೆ ಇವತ್ತು. ಓದಿದವರ ತಲೇಲಿದ್ದ ಗುಮ್ ಅಂದ್ರೆ ಚಿನ್ನ, ಲೋಹ. ಕೊರಿಯನ್‌ನಲ್ಲಿ ಶುಕ್ರವಾರಕ್ಕೆ ಗುಮ್‌ಯೋಇಲ್ ಅಂತಾರೆ, ಲೋಹದ ದಿನ. ಮಧ್ಯದ ಯೋ ತೆಗೆದ್ರೆ ಗುಮಿಲ್! ಅಲ್ಲಿನ ಕ್ಯಾಲೆಂಡರ್ ನೋಡಿ, ಶುಕ್ರವಾರದ ಕಾಲಮ್ ಮೇಲೆ ಬರೀ ಗುಮ್ ಅಂತ ಒಂದೇ ಅಕ್ಷರ ಇರುತ್ತೆ, ನಮ್ಮ ಕ್ಯಾಲೆಂಡರ್‌ನಲ್ಲಿ ಶು ಅಂತ ಹಾಕ್ತಾರಲ್ಲ ಹಂಗೆ. ವೀಕೆಂಡ್ ಮೂಡಲ್ಲಿರೋ ಶುಕ್ರವಾರ ರಾತ್ರಿಗೆ ಹುಡುಗರು ಪುಲ್‌ಗುಮ್ ಅಂತಾರೆ, ಹೊತ್ತಿ ಉರಿಯೋ ಶುಕ್ರವಾರ ಅಂತ. ಶುಕ್ರವಾರ ಕ್ಲಾಸೇ ಇಲ್ಲದ ಟೈಮ್‌ಟೇಬಲ್ ಸಿಕ್ಕಿದ ಕಾಲೇಜ್ ಹುಡುಗರ ಖುಷಿಗೂ ಒಂದು ಪದ ಇದೆ, ಅದೂ ಗುಮ್‌ನಿಂದಾನೇ ಶುರುವಾಗುತ್ತೆ. ಹಿಂಗಿರೋವಾಗ 20 ವರ್ಷದ ಹುಡುಗಿಗೋ ಹುಡುಗನಿಗೋ ಗುಮ್ ಅಂದ ತಕ್ಷಣ ಏನು ನೆನಪಾಗಬೇಕು ಹೇಳಿ?

ಆದ್ರೆ ತಮಾಷೆ ಅಂದ್ರೆ ಆ ಇನ್ನೊಂದು ಗುಮ್ ಕೂಡ ಅವರ ಬಾಯಲ್ಲಿ ದಿನಾ ನೂರು ಸಲ ಬರುತ್ತೆ. ಕೆ-ಡ್ರಾಮಾ ನೋಡೋರಿಗೆಲ್ಲ ಗೊತ್ತಿರೋ ಪದ ಚಿಗುಮ್, ಅಂದ್ರೆ ಈಗ. ಅದರ ಗುಮ್ ಇದೇ ಗುಮ್. ಈಗಷ್ಟೇ ಅನ್ನೋಕೆ ಪಾಂಗುಮ್, ಅದರಲ್ಲೂ ಇದೇ. ಗೊತ್ತಿಲ್ಲದೆ ಬಳಸ್ತಾರೆ. ನಾವು ಪರವಾಗಿಲ್ಲ ಅನ್ನೋವಾಗ ಈ ಪರವಾ ಎಲ್ಲಿಂದ ಬಂತು ಅಂತ ಯೋಚನೆ ಮಾಡ್ತೀವಾ, ಅದು ಪರ್ಶಿಯನ್ ಅಂತ ತಿಳ್ಕೊಂಡು ಮಾತಾಡ್ತೀವಾ, ಇಲ್ವಲ್ಲ, ಹಂಗೇ.

ಈಗ ಅಕ್ಷರಕ್ಕೆ ಬರೋಣ. ಲೋಹದ ಗುಮ್ ಎಂಟು ಗೆರೆಯ ಅಕ್ಷರ. ಮೇಲೆ ಮನೆ ಮಾಡಿನ ಥರ ಎರಡು ಇಳಿಜಾರು ಗೆರೆ, ಅದರ ಕೆಳಗೆ ಅಡ್ಡಡ್ಡ ಗೆರೆಗಳು, ನಡುವೆ ಒಂದು ಕಂಬ, ಕಂಬದ ಎಡಕ್ಕೊಂದು ಬಲಕ್ಕೊಂದು ಚುಕ್ಕಿ, ಕೆಳಗೆ ಉದ್ದದ ಒಂದು ಅಡ್ಡಗೆರೆ. ಈಗ ಅನ್ನೋ ಗುಮ್ ನಾಲ್ಕೇ ಗೆರೆ. ಅದರ ಮೇಲೂ ಅದೇ ಮಾಡು. ಕ್ರಿ.ಶ. 100ರ ಸುಮಾರಿಗೆ ಶು ಶೆನ್ ಅನ್ನೋ ಹಾನ್ ಕಾಲದ ಪಂಡಿತ ಶ್ವೋವೆನ್ ಅನ್ನೋ ಅಕ್ಷರಕೋಶ ಮುಗಿಸಿದ, ಚೀನೀ ಅಕ್ಷರಗಳ ಹುಟ್ಟಿನ ಬಗ್ಗೆ ಯಾರೇ ಮಾತಾಡಿದ್ರೂ ಅಲ್ಲಿಂದಾನೇ ಶುರು ಮಾಡೋದು. ಅವನು ಲೋಹದ ಅಕ್ಷರಕ್ಕೆ ಹೇಳೋ ವಿವರಣೆ ಹಿಂಗಿದೆ: ಇದು ಐದು ಬಣ್ಣದ ಲೋಹ, ಅವುಗಳಲ್ಲಿ ಹಳದಿನೇ ಹಿರಿಯ, ಎಷ್ಟು ಕಾಲ ಹೂತಿಟ್ಟರೂ ಕಿಲುಬು ಹಿಡಿಯಲ್ಲ, ನೂರು ಸಲ ಕಾಯಿಸಿದ್ರೂ ತೂಕ ಇಳಿಯಲ್ಲ, ಮಣ್ಣಿಂದ ಹುಟ್ಟೋದಕ್ಕೆ ಅಕ್ಷರದ ಒಳಗೆ ಮಣ್ಣು ಇದೆ, ಎರಡು ಪಕ್ಕದ ಚುಕ್ಕಿ ಮಣ್ಣಲ್ಲಿ ಅಡಗಿರೋ ಲೋಹ, ಸದ್ದು ಮಾತ್ರ ಈಗ ಅನ್ನೋ ಅಕ್ಷರದ್ದು.

ನೋಡಿದ್ರಾ? ಆ ಮೇಲಿನ ಮಾಡು ಬಂದಿದ್ದೇ ಈಗ ಅನ್ನೋ ಅಕ್ಷರದಿಂದ, ಹಿಂಗೇ ಓದಬೇಕು ಅಂತ ಸೂಚನೆ ಕೊಡೋಕೆ. ಅಂದ್ರೆ ಅಸೈನ್‌ಮೆಂಟ್ ಲೇಟ್ ಮಾಡಿದ ಸ್ಟೂಡೆಂಟ್ ಯಾವ ಎರಡು ಅಕ್ಷರ ಅದಲುಬದಲು ಮಾಡಿದ್ರೋ ಅವೆರಡು ಮೊದಲಿಂದಲೂ ಒಂದೇ ಮನೆಯವು. 1008ರಲ್ಲಿ ಸಾಂಗ್ ಕಾಲದಲ್ಲಿ ತಯಾರಾದ ಗ್ವಾಂಗ್‌ಯುನ್ ಅನ್ನೋ ಪ್ರಾಸಕೋಶದಲ್ಲೂ ಇವೆರಡನ್ನ ಒಂದೇ ಉಚ್ಚಾರಣೆಯ ಗುಂಪಲ್ಲಿ ಹಾಕಿದಾರೆ. ಮ್ಯಾಂಡರಿನ್‌ನಲ್ಲಿ ಇವತ್ತಿಗೂ ಎರಡೂ ಜಿನ್, ಕ್ಯಾಂಟೊನೀಸ್‌ನಲ್ಲಿ ಎರಡೂ ಗಮ್, ವಿಯೆಟ್ನಾಂನಲ್ಲಿ ಎರಡೂ ಕಿಮ್. ಎಲ್ಲಾ ಕಡೆ ಜೋಡಿ ಬಿಟ್ಟಿಲ್ಲ. ಚೀನಾದಲ್ಲಿ ಯಾರೂ ಕನ್‌ಫ್ಯೂಸ್ ಆಗಲ್ಲ, ಯಾಕಂದ್ರೆ ಬರಹದಲ್ಲಿ ಬೇರೆ ಬೇರೆ ಕಾಣ್ಸುತ್ತೆ. ಕೊರಿಯಾದಲ್ಲಿ ಹಾಂಗುಲ್ ಲಿಪಿ ನಮ್ಮ ಕನ್ನಡದ ಥರ ಸದ್ದನ್ನ ಬರೆಯೋ ಲಿಪಿ, ಸದ್ದು ಒಂದೇ ಆದ್ರೆ ಬರಹನೂ ಒಂದೇ, ಮುಗೀತು.

ಅಂದಹಾಗೆ ಶು ಶೆನ್ ಹೇಳಿದ್ದೆಲ್ಲ ವೇದವಾಕ್ಯ ಏನಲ್ಲ. ಅವನು ನೋಡಿದ್ದು ಅವನ ಕಾಲಕ್ಕೆ ರೂಪ ಬದಲಾಗಿದ್ದ ಅಕ್ಷರಗಳನ್ನ. ಅವನಿಗಿಂತ ಸಾವಿರ ವರ್ಷ ಹಿಂದಿನ ಝೌ ಕಾಲದ ಕಂಚಿನ ಪಾತ್ರೆಗಳ ಮೇಲೆ ಕೊರೆದಿರೋ ರೂಪದಲ್ಲಿ ಚುಕ್ಕಿಗಳು ಅಕ್ಷರದ ಪಕ್ಕದಲ್ಲಿ ಬಿಡಿಬಿಡಿಯಾಗಿ ಇರ್ತವೆ, ಅವು ಮಣ್ಣಲ್ಲಿರೋ ಅದಿರಲ್ಲ, ಕರಗಿಸಿ ಎರಕ ಹೊಯ್ದ ಲೋಹದ ಗಟ್ಟಿಗಳು ಅಂತ ಇವತ್ತಿನ ಎಷ್ಟೋ ವಿದ್ವಾಂಸರು ಹೇಳ್ತಾರೆ. ಕೆಳಗಿನ ಭಾಗ ಮಣ್ಣಲ್ಲ, ಕೊಡಲಿ ಥರದ್ದೇನೋ ಅನ್ನೋ ವಾದನೂ ಇದೆ. ಮೇಲಿನ ಭಾಗದಿಂದ ಸದ್ದು ಬಂದಿದೆ ಅನ್ನೋದನ್ನ ಮಾತ್ರ ಹೆಚ್ಚಿನವರು ಒಪ್ತಾರೆ.

ಇದಕ್ಕಿಂತ ಮಜಾ ಇರೋದು ಅರ್ಥದಲ್ಲಿ. ಆ ಹಳೇ ಕಂಚಿನ ಪಾತ್ರೆಗಳ ಮೇಲೆ ರಾಜ ಇಂಥವನಿಗೆ ಜಿನ್ ದಾನ ಕೊಟ್ಟ, ಅವನು ಅದರಿಂದ ಈ ಪಾತ್ರೆ ಮಾಡಿಸಿದ ಅಂತ ಬರೆದಿರ್ತಾರೆ. ಪಾತ್ರೆ ಕಂಚಿಂದು. ಅಂದ್ರೆ ಆಗ ಆ ಅಕ್ಷರಕ್ಕೆ ಚಿನ್ನ ಅನ್ನೋ ಅರ್ಥ ಅಲ್ಲ, ತಾಮ್ರ, ಕಂಚು, ಒಟ್ಟಾರೆ ಲೋಹ. ಚಿನ್ನ ಹೆಚ್ಚಾಗಿ ಆಮೇಲೆ ಬಂದು ಹಿರಿಯನ ಜಾಗದಲ್ಲಿ ಕೂತ್ಕೊಳ್ತು. ನಮ್ಮಲ್ಲೂ ಇಂಥದ್ದೇ ಕಥೆ ಇದೆ, ಲೋಹ ಅನ್ನೋ ಸಂಸ್ಕೃತ ಪದಕ್ಕೆ ಮೊದಲು ಕೆಂಪನೆಯದು, ತಾಮ್ರ ಅನ್ನೋ ಅರ್ಥ, ಲೋಹಿತ ಅಂದ್ರೆ ಕೆಂಪು ಅಲ್ವಾ, ಆಮೇಲೆ ಅದು ಕಬ್ಬಿಣ ಆಯ್ತು, ಈಗ ಎಲ್ಲಾ ಲೋಹಕ್ಕೂ ಅದೇ. ತಮಿಳಲ್ಲಿ ಪಂಚಲೋಹಕ್ಕೆ ಐಂಪೊನ್ ಅಂತಾರೆ, ಐದು ಪೊನ್ನು, ನಮ್ಮ ಹೊನ್ನು. ಶು ಶೆನ್‌ನ ಐದು ಬಣ್ಣದ ಲೋಹ ಅನ್ನೋ ಮಾತಿಗೆ ಇದಕ್ಕಿಂತ ಒಳ್ಳೇ ಅನುವಾದ ಸಿಗೋದು ಕಷ್ಟ.

ಈ ಹಳೇ ಅರ್ಥ ಕೊರಿಯನ್ನರು ಜೋಪಾನವಾಗಿ ಇಟ್ಕೊಂಡಿದಾರೆ. ಅವರು ಚೀನೀ ಅಕ್ಷರ ಕಲಿಯೋ ರೀತಿ ನಮ್ಮ ಅ ಅರಸ, ಆ ಆನೆ ಥರ, ಮೊದಲು ಅಚ್ಚ ಕೊರಿಯನ್ ಅರ್ಥ, ಆಮೇಲೆ ಸದ್ದು. ಈಗ ಅನ್ನೋ ಅಕ್ಷರಕ್ಕೆ ಇಜೆ ಗುಮ್. ಇಜೆ ಅಂದ್ರೆ ಈಗ. ಚಿನ್ನದ ಅಕ್ಷರಕ್ಕೆ ಸ್ವೇ ಗುಮ್, ಇಲ್ಲಿ ಸ್ವೇ ಅಂದ್ರೆ ಕಬ್ಬಿಣ, ಲೋಹ. ಚಿನ್ನ ಅಂತ ಹೇಳೋದೇ ಇಲ್ಲ ನೋಡಿ! ನೂರಾರು ವರ್ಷ ಅಲ್ಲಿನ ಮಕ್ಕಳು ಸಾವಿರ ಅಕ್ಷರದ ಪಾಠ ಅಂತ ಒಂದು ಬಾಯಿಪಾಠ ಮಾಡ್ತಿದ್ರು, ಅದರಲ್ಲಿ ಚಿನ್ನ ಹುಟ್ಟೋ ನದಿಯ ಸಾಲಲ್ಲಿ ಈ ಅಕ್ಷರ ಬರುತ್ತೆ, ಅರ್ಥ ಚಿನ್ನ ಆದ್ರೂ ಮಕ್ಕಳು ಕೂಗ್ತಿದ್ದಿದ್ದು ಸ್ವೇ ಗುಮ್ ಅಂತಾನೇ.

ಇದೇ ಅಕ್ಷರಕ್ಕೆ ಎರಡನೇ ಹೆಸರು ಇನ್ನೊಂದಿದೆ, ಸೊಂಗ್ ಗಿಮ್. ಸೊಂಗ್ ಅಂದ್ರೆ ಮನೆತನದ ಹೆಸರು. ಗಿಮ್ ಅಂದ್ರೆ ಅದೇ, ಕಿಮ್. ಬಿಟಿಎಸ್‌ನ ಏಳು ಜನರಲ್ಲಿ ಮೂರು ಜನ ಕಿಮ್, ಉತ್ತರ ಕೊರಿಯಾದ ಮೂರು ತಲೆಮಾರಿನ ನಾಯಕರು ಕಿಮ್, 2015ರ ಜನಗಣತಿ ಪ್ರಕಾರ ದಕ್ಷಿಣ ಕೊರಿಯಾದಲ್ಲಿ 1 ಕೋಟಿ 6 ಲಕ್ಷಕ್ಕೂ ಹೆಚ್ಚು ಜನ ಕಿಮ್, ಅಂದ್ರೆ ನೂರಕ್ಕೆ 21 ಜನ. ಎಲ್ಲರೂ ಬರೆಯೋದು ಈ ಲೋಹದ ಅಕ್ಷರಾನೇ. ಯಾಕೆ ಅಂದ್ರೆ ಹಳೇ ಪುರಾಣ ಎರಡು. ಶಿಲ್ಲಾ ರಾಜ್ಯದ ಕಿಮ್ ವಂಶದ ಮೂಲಪುರುಷ ಮಗುವಾಗಿ ಕಾಡಲ್ಲಿ ಮರಕ್ಕೆ ನೇತುಹಾಕಿದ್ದ ಚಿನ್ನದ ಪೆಟ್ಟಿಗೆಯಲ್ಲಿ ಸಿಕ್ಕಿದ, ಕೆಳಗೆ ಬಿಳೀ ಹುಂಜ ಕೂಗ್ತಿತ್ತು ಅಂತ ಒಂದು. ಇನ್ನೊಂದು ದಕ್ಷಿಣದ ಗಾಯಾ ರಾಜ್ಯದ್ದು, ಆಕಾಶದಿಂದ ಆರು ಚಿನ್ನದ ಮೊಟ್ಟೆ ಇಳಿದು ಬಂದ್ವು, ಮೊದಲು ಹೊರಬಂದವನು ಸೂರೋ ರಾಜ ಅಂತ. ಈ ಸೂರೋನ ಮದುವೆ ಆಗೋಕೆ ಸಮುದ್ರ ದಾಟಿ ಅಯುತಾ ಅನ್ನೋ ದೇಶದಿಂದ ರಾಜಕುಮಾರಿ ಬಂದ್ಲು ಅಂತ 13ನೇ ಶತಮಾನದ ಬೌದ್ಧ ಭಿಕ್ಷು ಇರ್ಯೊನ್ ಬರೆದಿದಾನೆ, ಅಯುತಾ ಅಂದ್ರೆ ಅಯೋಧ್ಯೆ ಅಂತ ನಂಬಿ 2001ರಲ್ಲಿ ಅಯೋಧ್ಯೆಯಲ್ಲಿ ಸ್ಮಾರಕ ಮಾಡಿದ್ದು, 2018ರ ದೀಪಾವಳಿಗೆ ಆಗಿನ ಕೊರಿಯಾ ಅಧ್ಯಕ್ಷರ ಹೆಂಡತಿ ಅಲ್ಲಿಗೆ ಬಂದಿದ್ದು ನಿಮಗೆ ನೆನಪಿರಬಹುದು. ಇತಿಹಾಸ ಅಂತ ಸಾಬೀತಾಗಿಲ್ಲ, ಆದ್ರೆ ಗಿಮ್‌ಹೇ ಊರಿನ ಕಿಮ್‌ಗಳಿಗೆ ಅದು ಅಜ್ಜಿಯ ಕಥೆ. ಗಿಮ್‌ಹೇ ಅಂದ್ರೂ ಚಿನ್ನದ ಸಮುದ್ರ ಅಂತಾನೇ.

ಒಂದೇ ಅಕ್ಷರ ಒಂದ್ಕಡೆ ಗುಮ್ ಇನ್ನೊಂದ್ಕಡೆ ಗಿಮ್ ಯಾಕೆ ಅನ್ನೋದಕ್ಕೆ ಕೊರಿಯನ್ನರು ಸಿಕ್ಕಾಪಟ್ಟೆ ಇಷ್ಟಪಡೋ ಒಂದು ಕಥೆ ಇದೆ. 1392ರಲ್ಲಿ ಜೊಸೊನ್ ರಾಜವಂಶ ಕಟ್ಟಿದವನ ಮನೆತನದ ಹೆಸರು ‘ಈ’, ಇಂಗ್ಲಿಷಲ್ಲಿ ಲೀ ಅಂತ ಬರೀತಾರಲ್ಲ ಅದು, ಆ ‘ಈ’ ಅನ್ನೋ ಅಕ್ಷರದ ಮೇಲ್ಭಾಗದಲ್ಲಿ ಮರ ಇದೆ, ಪಂಚಭೂತದ ಚೀನೀ ಲೆಕ್ಕದಲ್ಲಿ ಲೋಹ ಮರವನ್ನ ಕಡಿಯುತ್ತೆ, ಹಂಗಾಗಿ ಗುಮ್ ಅನ್ನೋರೆಲ್ಲ ಇನ್ಮುಂದೆ ಗಿಮ್ ಅಂತ ಕರೆಸ್ಕೊಳ್ಳಿ ಅಂತ ಆರ್ಡರ್ ಮಾಡಿದ ಅಂತ. ಕೇಳೋಕೆ ಚೆನ್ನಾಗಿದೆ, ದಾಖಲೆ ಇಲ್ಲ. ಭಾಷಾತಜ್ಞರು ಕಟ್ಟಿಕೊಟ್ಟಿರೋ ಹಳೇ ಚೀನೀ ಉಚ್ಚಾರಣೆನೇ ಕಿಮ್ ಅನ್ನೋದಕ್ಕೆ ತುಂಬಾ ಹತ್ತಿರ, ವಿಯೆಟ್ನಾಂನಲ್ಲಿ ಇವತ್ತಿಗೂ ಕಿಮ್ ಅಂತಾನೇ ಉಳ್ಕೊಂಡಿದೆ. ಹೆಸರು, ಊರು ಇವೆಲ್ಲ ಹಳೇ ಸದ್ದನ್ನ ಬೇಗ ಬಿಟ್ಕೊಡಲ್ಲ, ಗಿಮ್‌ಪೋ, ಗಿಮ್‌ಚೊನ್, ಗಿಮ್‌ಜೆ ಎಲ್ಲಾ ಊರುಗಳೂ ಗಿಮ್ ಹಿಡ್ಕೊಂಡೇ ಕೂತಿವೆ. ಕಿಂಬಾಪ್‌ನ ಕಿಮ್ ಮಾತ್ರ ಇದಕ್ಕೆ ಸಂಬಂಧ ಇಲ್ಲ, ಅದು ಸಮುದ್ರದ ಪಾಚಿ ಹಾಳೆ. ಕಿಮ್ಚಿಗೂ ಸಂಬಂಧ ಇಲ್ಲ.

ಸರಿ, ಶುಕ್ರನ ವಿಷಯ. ಶುಕ್ರವಾರಕ್ಕೆ ಲೋಹದ ದಿನ ಅಂತ ಯಾಕೆ ಅಂದ್ರು? ಚೀನೀಯರ ಲೆಕ್ಕದಲ್ಲಿ ಬರಿಗಣ್ಣಿಗೆ ಕಾಣೋ ಐದು ಗ್ರಹಕ್ಕೆ ಐದು ಧಾತು, ಮಂಗಳ ಬೆಂಕಿ, ಬುಧ ನೀರು, ಗುರು ಮರ, ಶುಕ್ರ ಲೋಹ, ಶನಿ ಮಣ್ಣು. ಗುಮ್‌ಸೊಂಗ್ ಅಂದ್ರೆ ಲೋಹದ ನಕ್ಷತ್ರ, ಅದು ಶುಕ್ರ. ಆದ್ರೆ ಏಳು ದಿನದ ವಾರ, ದಿನಕ್ಕೊಂದು ಗ್ರಹ ಅನ್ನೋ ಪದ್ಧತಿ ಚೀನೀಯರದ್ದಲ್ಲ. 8ನೇ ಶತಮಾನದಲ್ಲಿ ಚೀನಾದ ತಾಂಗ್ ರಾಜವಂಶದ ರಾಜಧಾನಿಯಲ್ಲಿದ್ದ ಅಮೋಘವಜ್ರ ಅನ್ನೋ ಬೌದ್ಧ ಆಚಾರ್ಯರು ನಕ್ಷತ್ರ ಮತ್ತು ಗ್ರಹಗಳ ಬಗ್ಗೆ ಒಂದು ಗ್ರಂಥ ಚೀನೀ ಭಾಷೇಲಿ ಕೊಟ್ರು, ಅದರಲ್ಲಿ ವಾರದ ಒಂದೊಂದು ದಿನಕ್ಕೂ ಮಧ್ಯ ಏಷ್ಯಾದ ಸೊಗ್ದಿಯನ್ ಭಾಷೆಯ ಹೆಸರು, ಪರ್ಶಿಯನ್ ಹೆಸರು, ಭಾರತದ ಹೆಸರು ಮೂರನ್ನೂ ಚೀನೀ ಅಕ್ಷರದಲ್ಲಿ ಬರೆದಿದಾರೆ. ಭಾನುವಾರಕ್ಕೆ ಆದಿತ್ಯ, ಸೋಮವಾರಕ್ಕೆ ಸೋಮ, ಲೋಹದ ದಿನಕ್ಕೆ ಶುಕ್ರ! ಆ ಗ್ರಂಥವನ್ನ 806ರಲ್ಲಿ ಕೂಕಾಯ್ ಅನ್ನೋ ಭಿಕ್ಷು ಜಪಾನಿಗೆ ತಗೊಂಡು ಹೋದ, ಅಲ್ಲಿ ಪಂಚಾಂಗದಲ್ಲಿ ಉಳೀತು, 19ನೇ ಶತಮಾನದ ಕೊನೆಗೆ ಹೊಸ ಕ್ಯಾಲೆಂಡರ್ ಬಂದಾಗ ಅದೇ ಹೆಸರು ಜಪಾನಿಂದ ಕೊರಿಯಾಕ್ಕೆ ಬಂತು. ಅಂದ್ರೆ ಆ ಸ್ಟೂಡೆಂಟ್ ತಲೇಲಿ ಬಂದ ಗುಮಿಲ್, ನಾವು ಲಕ್ಷ್ಮೀ ಪೂಜೆ ಮಾಡೋ ಶುಕ್ರವಾರ, ಎರಡರ ಮೇಲೂ ಇರೋದು ಒಂದೇ ಗ್ರಹದ ಹೆಸರು.

ಇನ್ನೊಂದು ಹೇಳ್ಲೇಬೇಕು. 1958ರಲ್ಲಿ ಶುರುವಾಗಿ ಮಾರನೇ ವರ್ಷ ಕೊರಿಯಾದ ಮೊದಲ ರೇಡಿಯೋ ಮಾಡಿದ ಕಂಪನಿ ಹೆಸರು ಗುಮ್‌ಸೊಂಗ್. ಇಂಗ್ಲಿಷಿಗೆ ಅಕ್ಷರಕ್ಕೆ ಅಕ್ಷರ ಅನುವಾದ ಮಾಡಿ ಗೋಲ್ಡ್‌ಸ್ಟಾರ್ ಅಂತ ಇಟ್ರು. ಲಕ್ಕಿ ಅನ್ನೋ ಕಂಪನಿ ಜೊತೆ ಸೇರಿ ಲಕ್ಕಿ ಗೋಲ್ಡ್‌ಸ್ಟಾರ್, 1995ರಲ್ಲಿ ಚಿಕ್ಕದಾಗಿ ಎಲ್‌ಜಿ. ನಿಮ್ಮ ಮನೆ ಫ್ರಿಜ್ ಮೇಲಿರೋ ಜಿ ಅಂದ್ರೆ ಮೂಲದಲ್ಲಿ ಶುಕ್ರ ಗ್ರಹ ಕಣ್ರೀ.

ಮತ್ತೆ ಜಗಳಕ್ಕೆ ಬರೋಣ. ಗುಮಿಲ್ ಒಂದೇ ಆಗಿದ್ರೆ ಜನ ನಕ್ಕು ಮರೀತಿದ್ರು. ಒಂದಾದ ಮೇಲೊಂದು ಬಂದ್ವು. 2020ರ ಜುಲೈನಲ್ಲಿ ಸರ್ಕಾರ ಆಗಸ್ಟ್ 17ಕ್ಕೆ ಎಕ್ಸ್‌ಟ್ರಾ ರಜೆ ಕೊಡ್ತು, ಶನಿವಾರ ಭಾನುವಾರ ಸೇರಿ ಸಾಹುಲ್ ರಜೆ ಅಂತ ಪೇಪರ್‌ನಲ್ಲಿ ಬಂತು, ಸಾಹುಲ್ ಅಂದ್ರೆ ಮೂರು ದಿನ, ಮೂರೇ ದಿನಕ್ಕೆ ನಾಲ್ಕು ಅಂತ ಯಾಕೆ ಬರೆದಿದೀರಿ ಅಂತ ಎಷ್ಟೋ ಜನ ಗಲಾಟೆ ಮಾಡಿದ್ರು. 2021ರಲ್ಲಿ ಒಬ್ಬ ಪಕ್ಷದ ಅಧ್ಯಕ್ಷರು ಎದುರಾಳಿ ಕ್ಯಾಂಡಿಡೇಟ್‌ಗೆ ಮುವುನ್ ಹಾರೈಸಿದ್ರು, ಅಂದ್ರೆ ಯುದ್ಧದಲ್ಲಿ ಅದೃಷ್ಟ ಇರ್ಲಿ ಅಂತ, ಟಿವಿ ವರದಿಗಾರ ಅದನ್ನ ಅದೃಷ್ಟ ಇಲ್ಲದಿರ್ಲಿ ಅಂತ ಶಾಪ ಹಾಕಿದ್ದಾರೆ ಅಂತ ಲೈವ್‌ನಲ್ಲಿ ಹೇಳ್ಬಿಟ್ಟ. 2022ರ ಆಗಸ್ಟ್‌ನಲ್ಲಿ ಒಂದು ಕೆಫೆ ಬುಕಿಂಗ್ ಎಡವಟ್ಟಿಗೆ ಶಿಮ್‌ಶಿಮ್ ಕ್ಷಮೆ ಕೇಳ್ತು. ಅತಿ ಆಳವಾದ ಅನ್ನೋ ಅರ್ಥದ ಶಿಮ್‌ಶಿಮ್. ಜನಕ್ಕೆ ಗೊತ್ತಿದ್ದ ಶಿಮ್‌ಶಿಮ್ ಅಂದ್ರೆ ಬೋರು. ಬೋರಿಂಗ್ ಕ್ಷಮೆ ಕೇಳ್ತೀರಾ ಅಂತ ಉಗಿದ್ರು, ವಿಷಯ ಆಗಿನ ಅಧ್ಯಕ್ಷರು ಮಾತಾಡೋ ಮಟ್ಟಕ್ಕೆ ಹೋಯ್ತು. 2024ರಲ್ಲಿ ಮಳೆ ಬಂದ್ರೆ ಜಾಗ ಬದಲಾಗುತ್ತೆ ಅಂತ ಶಿಶುವಿಹಾರದ ನೋಟಿಸ್, ಊಚೊನ್ ಶಿ ಅಂತ ಬರೆದಿದ್ರು, ಮಳೆಯ ಹೊತ್ತು ಅಂತ, ಶಿ ಅಂದ್ರೆ ನಗರನೂ ಹೌದು, ಈ ಊಚೊನ್ ಅನ್ನೋ ಊರು ಎಲ್ಲಿದೆ ಅಂತ ಅಪ್ಪ ಅಮ್ಮಂದಿರು ಕೇಳಿದ್ರಂತೆ.

ಪ್ರತೀ ಸಲನೂ ಒಂದು ಗುಂಪು ಹಾಂಜಾ ಕಲಿಸಿ ಅನ್ನುತ್ತೆ. ಹಾಂಜಾ ಅಂದ್ರೆ ಕೊರಿಯಾದಲ್ಲಿ ಬಳಸೋ ಚೀನೀ ಅಕ್ಷರ. ಈ ವಾದಕ್ಕೆ ಹಿನ್ನೆಲೆ ಉದ್ದ ಇದೆ, ಬೇಗ ಹೇಳ್ತೀನಿ. ಸೆಜೋಂಗ್ ರಾಜ ಹಾಂಗುಲ್ ಲಿಪಿಯನ್ನ 1446ರಲ್ಲಿ ಪ್ರಕಟಿಸಿದ್ರೂ ಪಂಡಿತರು ನೂರಾರು ವರ್ಷ ಹಾಂಜಾ ಬಿಡಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1948ರ ಅಕ್ಟೋಬರ್‌ನಲ್ಲಿ ಸರ್ಕಾರಿ ಪತ್ರ ಹಾಂಗುಲ್‌ನಲ್ಲೇ ಇರ್ಬೇಕು ಅಂತ ಕಾನೂನಾಯ್ತು, ಸದ್ಯಕ್ಕೆ ಬೇಕಿದ್ರೆ ಜೊತೇಲಿ ಹಾಂಜಾ ಹಾಕ್ಕೊಳ್ಳಿ ಅನ್ನೋ ರಿಯಾಯಿತಿ ಕೊಟ್ಟು. ಉತ್ತರದವರು ಆ ಕಾಲಕ್ಕೇ ಪೂರ್ತಿ ಬಿಟ್ರು. ದಕ್ಷಿಣದಲ್ಲಿ 1970ರಲ್ಲಿ ಪಠ್ಯಪುಸ್ತಕದಿಂದ ತೆಗೆದ್ರು, 1972ರಲ್ಲಿ ಮಿಡ್ಲ್ ಸ್ಕೂಲ್, ಹೈಸ್ಕೂಲ್ ಎರಡಕ್ಕೂ ಸೇರಿ 1800 ಅಕ್ಷರದ ಪಟ್ಟಿ ಮಾಡಿ ಬೇರೆ ಸಬ್ಜೆಕ್ಟ್ ಆಗಿ ವಾಪಸ್ ತಂದ್ರು. 1988ರಲ್ಲಿ ಹುಟ್ಟಿದ ಹಾಂಕ್ಯೊರೆ ಪತ್ರಿಕೆ ಪೂರ್ತಿ ಹಾಂಗುಲ್‌ನಲ್ಲೇ ಬಂತು, ನಿಧಾನಕ್ಕೆ ಉಳಿದವರೂ ಅದೇ ದಾರಿ ಹಿಡಿದ್ರು. 2016ರ ನವೆಂಬರ್‌ನಲ್ಲಿ ಅಲ್ಲಿನ ಸಾಂವಿಧಾನಿಕ ಕೋರ್ಟು ಸರ್ಕಾರಿ ಪತ್ರ ಹಾಂಗುಲ್‌ನಲ್ಲೇ ಅನ್ನೋ ನಿಯಮ ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂತ ತೀರ್ಪು ಕೊಡ್ತು. ಆದ್ರೂ ಆರಿಲ್ಲ, ಸೋಲ್‌ನ ಗ್ವಾಂಗ್‌ಹ್ವಾಮುನ್ ಅರಮನೆ ಬಾಗಿಲಿಗೆ 2023ರಲ್ಲಿ ಕಪ್ಪು ಹಲಗೆ ಮೇಲೆ ಚಿನ್ನದ ಬಣ್ಣದಲ್ಲಿ ಹಾಂಜಾ ಹೆಸರು ಹಾಕಿದ್ರು, ಮರುವರ್ಷವೇ ಸಂಸ್ಕೃತಿ ಮಂತ್ರಿ ಅದು ಹಾಂಗುಲ್ ಆಗ್ಬೇಕು ಅಂತ ಮಾತು ಎತ್ತಿದ್ರು.

ಹಾಂಜಾ ಗುಂಪಿನ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಕೊರಿಯನ್ ಡಿಕ್ಷನರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪದ ಚೀನೀ ಮೂಲದ್ದು. ಗುಮ್‌ಜು ಅಂದ್ರೆ ಈ ವಾರನೂ ಹೌದು, ಕುಡಿಯೋದು ಬಿಡೋದೂ ಹೌದು. ಗುಮ್ಯೊನ್ ಅಂತ ಬೋರ್ಡ್ ಇದ್ರೆ ಸಿಗರೇಟು ಸೇದಬೇಡಿ ಅಂತ, ಅಲ್ಲಿನ ಗುಮ್ ಮೂರನೇದು, ನಿಷೇಧದ ಗುಮ್. ಗಾಯಗುಮ್ ಅನ್ನೋ ತಂತಿವಾದ್ಯದ ಗುಮ್ ನಾಲ್ಕನೇದು. ಹಾಂಜಾದಲ್ಲಿ ಬರೆದ್ರೆ ಎಲ್ಲಾ ಬೇರೆ ಬೇರೆ ಕಾಣ್ಸುತ್ತೆ, ನಿಜ.

ಆದ್ರೆ ಆ ತಪ್ಪುಗಳನ್ನ ಒಂದೊಂದಾಗಿ ನೋಡಿ. ಸಾಹುಲ್ ಚೀನೀ ಪದವೇ ಅಲ್ಲ, ಅಚ್ಚ ಕೊರಿಯನ್. ಅದನ್ನ ನಾಲ್ಕು ಅಂತ ಯಾಕೆ ಓದಿದ್ರು? ಚೀನೀ ಎಣಿಕೆಯಲ್ಲಿ ಸಾ ಅಂದ್ರೆ ನಾಲ್ಕು ಅಂತ ಗೊತ್ತಿದ್ದಿದ್ದಕ್ಕೆ! ಮುವುನ್‌ನಲ್ಲಿ ಮು ಅಂದ್ರೆ ಇಲ್ಲ ಅನ್ನೋ ಚೀನೀ ಅಕ್ಷರ ಗೊತ್ತಿದ್ದಿದ್ದಕ್ಕೆ ಶಾಪ ಆಯ್ತು. ಶಿ ಅಂದ್ರೆ ನಗರ ಅಂತ ಗೊತ್ತಿದ್ದಿದ್ದಕ್ಕೆ ಊರು ಹುಡುಕಿದ್ರು. ಗುಮ್ ಅಂದ್ರೆ ಲೋಹ, ಅದು ಶುಕ್ರವಾರ ಅಂತ ಗೊತ್ತಿದ್ದಿದ್ದಕ್ಕೆ ಅಸೈನ್‌ಮೆಂಟ್ ಲೇಟಾಯ್ತು. ಶಿಮ್‌ಶಿಮ್ ಒಂದು ಬಿಟ್ರೆ ಉಳಿದವರೆಲ್ಲ ಪದವನ್ನ ಒಡೆದು, ತುಂಡಿನ ಅರ್ಥ ಹಿಡಿದು, ಸೇರಿಸಿ ಓದಿದಾರೆ, ಇದು ಹಾಂಜಾ ಬುದ್ಧಿನೇ. ಬರೀ ಗೆರೆಗಳು ಗೊತ್ತಿಲ್ಲ ಅಷ್ಟೇ. ತಪ್ಪಿರೋದು ಎಲ್ಲಿ ಅಂದ್ರೆ ಅವರು ಆರಿಸಿದ್ದು ದಿನಾ ಕೇಳೋ ತುಂಡನ್ನ, ನೋಟಿಸ್ ಬರೆದವರು ಬಳಸಿದ್ದು ಕಚೇರಿ ಕಪಾಟಿಂದ ತೆಗೆದ ತುಂಡನ್ನ. ಎಂಟು ಗೆರೆಯ ಅಕ್ಷರ ನೂರು ಸಲ ಬರೆಸಿದ್ರೆ ಇದು ಸರಿಹೋಗಲ್ಲ, ಚಿಗುಮ್‌ನ ಗುಮ್ಮೇ ಗುಮಿಲ್‌ನ ಗುಮ್ ಅಂತ ಒಂದೇ ಒಂದು ಸಲ ಹೇಳ್ಕೊಟ್ರೆ ಸಾಕು, ಬರೆಯದೇನೂ ನೆನಪಿರುತ್ತೆ.

ಓದೋಕೆ ಬರಲ್ಲ ಅನ್ನೋ ಕೂಗಿಗೂ ನಂಬರ್ ಜೊತೆ ಕೊಡಲ್ಲ. ಬೇರೆ ಬೇರೆ ದೇಶದ ಮಕ್ಕಳನ್ನ ಹೋಲಿಸೋ ಪೀಸಾ ಅನ್ನೋ ಪರೀಕ್ಷೆಯಲ್ಲಿ 2022ರಲ್ಲಿ ಕೊರಿಯಾದ 15 ವರ್ಷದ ಮಕ್ಕಳಿಗೆ ಓದಿನಲ್ಲಿ 515 ಅಂಕ, ಶ್ರೀಮಂತ ದೇಶಗಳ ಸರಾಸರಿ 476. ಇದು ಓದಲು ಬಾರದ ಪೀಳಿಗೆ ಅಂತ ಹೇಳೋಕೆ ಧೈರ್ಯ ಬೇಕು.

ನಮಗೆ ಇದು ತೀರಾ ಹೊಸದಾ? ಅರ್ಥಶಾಸ್ತ್ರ ಅಂದ್ರೆ ಡಿಕ್ಷನರಿ ಬಗ್ಗೆ ಓದೋದಾ ಅಂತ ಕೇಳಿದ ಮಗುವನ್ನ ನಾನೇ ನೋಡಿದೀನಿ, ಅರ್ಥ ಅಂದ್ರೆ ದುಡ್ಡು ಅಂತ ಅದಕ್ಕೆ ಯಾರೂ ಹೇಳಿರ್ಲಿಲ್ಲ. ಕರ ಅಂದ್ರೆ ಕೈಯೂ ಹೌದು, ತೆರಿಗೆನೂ ಹೌದು, ಕಿರಣನೂ ಹೌದು. ಮಹಾಪ್ರಾಣ ತೆಗೀಬೇಕಾ ಬೇಡ್ವಾ ಅಂತ ಹೊಸಬರಹದ ಜಗಳ ನಡೀತಿತ್ತಲ್ಲ, ಬಾಯಲ್ಲಿ ಇಲ್ಲದ್ದು ಬರಹದಲ್ಲಿ ಯಾಕೆ ಅಂತ ಒಂದು ಕಡೆ, ತೆಗೆದ್ರೆ ಪದದ ಮೂಲನೇ ಕಾಣಲ್ಲ ಅಂತ ಇನ್ನೊಂದು ಕಡೆ, ಕೊರಿಯಾದ ಜಗಳದಲ್ಲಿ ಎರಡೂ ಗುಂಪಿನ ಮಾತು ಕೇಳ್ತಿದ್ರೆ ಇದನ್ನ ಎಲ್ಲೋ ಕೇಳಿದೀನಲ್ಲ ಅನ್ಸುತ್ತೆ. ಸದರಿ, ಮೇಲ್ಕಂಡ, ತತ್ಸಂಬಂಧ ಅಂತ ಸುತ್ತೋಲೆ ಬರೆಯೋ ನಮ್ಮ ಕಚೇರಿಗಳು ಗುಮಿಲ್ ಬರೆಯೋರ ಖಾಸಾ ಸಂಬಂಧಿಗಳು.

ಕೊರಿಯಾದ ಭಾಷಾ ಸಂಸ್ಥೆ ಇದಕ್ಕೆ ತುಂಬಾ ಸರಳವಾದ ಸಲಹೆ ಕೊಟ್ಟಿದೆ. ಗುಮಿಲ್ ಅನ್ನಬೇಡಿ, ಓನುಲ್ ಅನ್ನಿ, ಅದು ಇವತ್ತಿಗೆ ಇರೋ ಅಚ್ಚ ಕೊರಿಯನ್ ಪದ, ಮೂರು ವರ್ಷದ ಮಗುಗೂ ಗೊತ್ತು. ಮ್ಯೊಂಗಿಲ್ ಅನ್ನಬೇಡಿ, ನಾಳೆಗೆ ನೇಯಿಲ್ ಅನ್ನಿ. ಇಲ್ಲೊಂದು ಕೊಕ್ಕೆ ಇದೆ. ನಿನ್ನೆಗೆ ಕೊರಿಯನ್ನರ ಸ್ವಂತ ಪದ ಇದೆ, ಇವತ್ತಿಗೆ ಇದೆ, ನಾಡಿದ್ದಿಗೂ ಇದೆ, ನಾಳೆಗೆ ಮಾತ್ರ ಇಲ್ಲ, ನೇಯಿಲ್ ಕೂಡ ಚೀನೀ ಪದ, ಬರೋ ದಿನ ಅಂತ. ಅವರ ಸ್ವಂತದ ನಾಳೆ ಯಾವಾಗಲೋ ಕಳೆದುಹೋಯ್ತು. 12ನೇ ಶತಮಾನದ ಶುರುವಿನಲ್ಲಿ ಸಾಂಗ್ ಚೀನಾದಿಂದ ಗೊರ್ಯೊ ರಾಜ್ಯಕ್ಕೆ, ಅಂದ್ರೆ ಆಗಿನ ಕೊರಿಯಾಕ್ಕೆ, ಬಂದಿದ್ದ ಸುನ್ ಮು ಅನ್ನೋ ಅಧಿಕಾರಿ ಇಲ್ಲಿನ ಜನ ಏನಕ್ಕೆ ಏನಂತಾರೆ ಅಂತ ಮುನ್ನೂರು ಚಿಲ್ಲರೆ ಪದ ಪಟ್ಟಿ ಮಾಡ್ಕೊಂಡು ಹೋಗಿದ್ದ, ಅದರಲ್ಲಿ ನಾಳೆ ಇದೆ. ಅವನಿಗೆ ಗೊತ್ತಿದ್ದ ಲಿಪಿ ಒಂದೇ, ಹಾಂಗುಲ್ ಹುಟ್ಟೋಕೆ ಇನ್ನೂ ಮುನ್ನೂರು ವರ್ಷ ಬಾಕಿ, ಹಂಗಾಗಿ ಆ ಸದ್ದನ್ನ ಎರಡು ಚೀನೀ ಅಕ್ಷರದಲ್ಲಿ ಬರೆದಿಟ್ಟ. ಅದನ್ನ ಹೆಂಗೆ ಓದ್ಬೇಕು ಅಂತ ಕೊರಿಯಾದ ಪಂಡಿತರು ಇವತ್ತಿಗೂ ಕಿತ್ತಾಡ್ತಿದಾರೆ.